ಹಿಟ್ ಹಾಡನ್ನು ಎಣಿಸುವುದು ಹೇಗೆ?

ನವೆಂಬರ್ ಬಂತೆಂದರೆ ಆರ್.ಟಿ. ನಗರ, ಮತ್ತಿಕೆರೆ, ಯಲಹಂಕಗಳ ಬೀದಿಗಳಲ್ಲಿ ರಾಜ್ಯೋತ್ಸವದ ಪೆಂಡಾಲು ಏಳುತ್ತದೆ, ಸಂಜೆಗೆ ಆರ್ಕೆಸ್ಟ್ರಾ ಇರುತ್ತದೆ. ಕನ್ನಡ ನಾಡಿನಲ್ಲಿ ಹುಟ್ಟುವ ಭಾಗ್ಯದ ಬಗ್ಗೆ ಡಾ. ರಾಜ್‌ಕುಮಾರ್ ಹಾಡಿದ ‘ಆಕಸ್ಮಿಕ’ ಚಿತ್ರದ ಹಾಡನ್ನು ಹಾಡದೆ ವೇದಿಕೆ ಇಳಿದರೆ ಜನ ಬಿಡುವುದಿಲ್ಲ. ಹಂಸಲೇಖ ಅದನ್ನು ಬರೆದು ರಾಗ ಹಾಕಿದ್ದು 1993ರ ಚಿತ್ರಕ್ಕೆ. ಮೂರು ದಶಕ ಕಳೆದರೂ ‘ಒನ್ಸ್ ಮೋರ್’ ಕೂಗು ನಿಂತಿಲ್ಲ. ಈಚೆಗೆ ಬಂದ ಎಷ್ಟೋ ಹಾಡುಗಳಿಗೆ ಯೂಟ್ಯೂಬ್‌ನಲ್ಲಿ ಕೋಟಿಗಟ್ಟಲೆ ವೀಕ್ಷಣೆ ಸಿಕ್ಕಿದೆ, ಆದರೆ ಮರುವರ್ಷದ ಪೆಂಡಾಲಿನಲ್ಲಿ ಅವುಗಳ ಸುಳಿವೇ ಇರುವುದಿಲ್ಲ. ಇವೆರಡರಲ್ಲಿ ಹಿಟ್ ಯಾವುದು? ಪೆಂಡಾಲಿನವರು ಒಂದನ್ನು ಎಣಿಸುತ್ತಾರೆ, ಯೂಟ್ಯೂಬ್ ಇನ್ನೊಂದನ್ನು ಎಣಿಸುತ್ತದೆ.

ಹಾಡಿನ ಚರಿತ್ರೆಯನ್ನು ಸಾಮಾನ್ಯವಾಗಿ ಸಂಗೀತ ನಿರ್ದೇಶಕರ, ಗಾಯಕರ ಚರಿತ್ರೆಯಾಗಿ ಬರೆಯುತ್ತೇವೆ. ಅದು ತಪ್ಪಲ್ಲ. ಆದರೆ ಕೇಳುವ ಯಂತ್ರ ಮತ್ತು ಎಣಿಸುವ ವಿಧಾನ, ಇವೆರಡೂ ಪ್ರತಿ ದಶಕದ ಹಾಡಿನ ಮೈಮೇಲೆ ಗುರುತು ಬಿಟ್ಟಿವೆ. ಹಾಡಿನ ಉದ್ದ, ದನಿಯ ಏರಿಳಿತ, ಮೊದಲ ಪದ ಬಾಯಿಗೆ ಬರುವ ಮುಂಚಿನ ವಾದ್ಯಗಳ ಭಾಗ ಇವೆಲ್ಲವನ್ನೂ ಅಳೆದು ನೋಡಬಹುದು. ಆ ಗುರುತುಗಳನ್ನು ಕಣ್ಣಾರೆ ಕಾಣಲು ಉತ್ತರ ಬೆಂಗಳೂರು ಒಳ್ಳೆಯ ಜಾಗ, ಏಕೆಂದರೆ ಯಂತ್ರಗಳಲ್ಲಿ ಕೆಲವು ಇಲ್ಲಿಯೇ ಹುಟ್ಟಿದವು.

ಮೊದಲಿಗೆ ತಟ್ಟೆ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಇಂಚಿನ ಅರಗಿನ ತಟ್ಟೆಯ ಒಂದು ಬದಿಯಲ್ಲಿ ಮೂರು, ಹೆಚ್ಚೆಂದರೆ ಮೂರೂಕಾಲು ನಿಮಿಷದ ಸಂಗೀತ ಹಿಡಿಯುತ್ತಿತ್ತು. ಅಂದರೆ ಸುಮಾರು 250 ಸುತ್ತು, ಅಲ್ಲಿಗೆ ಮುಳ್ಳು ನಡುವಿನ ಲೇಬಲ್ಲಿಗೆ ಬಂದು ಮುಟ್ಟುತ್ತದೆ. ಭಾರತದ ಮೊದಲ ಧ್ವನಿಮುದ್ರಿಕೆಗಳ ತಾರೆ ಗೌಹರ್ ಜಾನ್ 1902ರ ನವೆಂಬರ್‌ನಲ್ಲಿ ಕಲ್ಕತ್ತೆಯ ಹೋಟೆಲೊಂದರಲ್ಲಿ ಹಾಡಿದಾಗ, ಗಂಟೆಗಟ್ಟಲೆ ಬೆಳೆಸಬಹುದಾದ ರಾಗವನ್ನು ಈ ಮೂರು ನಿಮಿಷಕ್ಕೆ ಇಳಿಸಿದರು. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ. ಅಲ್ಲಿಯ ಕೆಲಸಗಾರರಿಗೆ ಲೇಬಲ್ ಅಂಟಿಸಲು ಗೊತ್ತಾಗಲಿ ಎಂದು ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಆಕೆಯ ಕೊನೆಯ ದಿನಗಳು ಕಳೆದದ್ದು ನಮ್ಮ ಮೈಸೂರಿನಲ್ಲಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಆಕೆಯನ್ನು ಆಸ್ಥಾನಕ್ಕೆ ಕರೆಸಿಕೊಂಡರು, 1930ರಲ್ಲಿ ಆಕೆ ಅಲ್ಲಿಯೇ ತೀರಿಕೊಂಡರು.

1934ರ ‘ಸತಿ ಸುಲೋಚನ’ದಿಂದ ಕನ್ನಡ ಸಿನಿಮಾ ಮಾತಾಡಲು, ಹಾಡಲು ಶುರುಮಾಡಿದಾಗ ಈ ಮೂರು ನಿಮಿಷದ ಅಳತೆ ಆಗಲೇ ಗಟ್ಟಿಯಾಗಿತ್ತು. ಪಲ್ಲವಿ, ಚರಣಗಳ ಕಟ್ಟು ಕೀರ್ತನೆಯಿಂದ ಬಂದದ್ದು ನಿಜ. ಆದರೆ ಚರಣ ಎರಡಕ್ಕೇ ನಿಲ್ಲುವ ಅಭ್ಯಾಸಕ್ಕೆ ತಟ್ಟೆಯ ಒತ್ತಾಸೆಯೂ ಇದೆ. ಪರದೆಯ ಮೇಲೆ ಮೂರು ಚರಣವಿದ್ದ ಹಾಡು ರೆಕಾರ್ಡಿಗೆ ಬರುವಾಗ ಒಂದನ್ನು ಕಳೆದುಕೊಂಡದ್ದುಂಟು. ಹಳೆಯ ಚಿತ್ರಗಳನ್ನು ಈಗ ಟೀವಿಯಲ್ಲಿ ನೋಡುವಾಗ, ಕೇಳಿ ಬಾಯಿಪಾಠವಾದ ಹಾಡಿನ ನಡುವೆ ಗೊತ್ತೇ ಇಲ್ಲದ ಚರಣವೊಂದು ಬಂದು ಬೆರಗುಗೊಳಿಸುತ್ತದೆ.

ತಟ್ಟೆ ಕೊಳ್ಳುವ ಶಕ್ತಿ ಇದ್ದ ಮನೆಗಳು ಕೆಲವೇ ಕೆಲವು. ಹಾಡನ್ನು ಊರೂರಿಗೆ ತಲುಪಿಸಿದ್ದು ರೇಡಿಯೊ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆ ವಹಿಸಿಕೊಂಡ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಅಭಿರುಚಿ ಕೆಡಿಸುತ್ತದೆಂಬ ನಂಬಿಕೆ. ಆಕಾಶವಾಣಿಯಿಂದ ಸಿನಿಮಾ ಹಾಡು ಮರೆಯಾಯಿತು, ಕೇಳುಗರು ಸೂಜಿ ತಿರುಗಿಸಿ ರೇಡಿಯೊ ಸಿಲೋನ್ ಹಿಡಿದರು. ಅದೇ ವರ್ಷದ ಕೊನೆಗೆ ಅಲ್ಲಿ ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಆರಂಭವಾಯಿತು. ಭಾರತಕ್ಕೆ ಹಾಡುಗಳ ಶ್ರೇಯಾಂಕಪಟ್ಟಿ ಎಂಬುದನ್ನು ಅಭ್ಯಾಸ ಮಾಡಿಸಿದ್ದು ಈ ಕಾರ್ಯಕ್ರಮ. ರೆಕಾರ್ಡ್ ಅಂಗಡಿಗಳ ಮಾರಾಟದ ಲೆಕ್ಕ ಮತ್ತು ಕೇಳುಗರ ಸಂಘಗಳ ಅಭಿಪ್ರಾಯ, ಎರಡನ್ನೂ ಕೂಡಿಸಿ ಪಟ್ಟಿ ಮಾಡುತ್ತಿದ್ದರು. ಆಕಾಶವಾಣಿ ಕೊನೆಗೂ ಸೋತು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಶುರುಮಾಡಿತು. ಅಂಚೆ ಕಾರ್ಡಿನ ಕೋರಿಕೆಗಳ ಕಾಲ ಅದು. ಇಂದಿನ ಜಾರ್ಖಂಡ್‌ನಲ್ಲಿರುವ ಝುಮ್ರಿ ತಲೈಯಾ ಎಂಬ ಸಣ್ಣ ಊರಿನಿಂದ ಬರುತ್ತಿದ್ದ ಪತ್ರಗಳ ಮಳೆಗೆ ಆ ಊರು ದೇಶಪ್ರಸಿದ್ಧವಾಯಿತು. ಪತ್ರ ಬರೆದವರ ರುಚಿ ಎಣಿಕೆಗೆ ಬಂತು. ಓದುಬರಹ ಬಾರದೆ, ಹಟ್ಟಿಯ ಬಾಗಿಲಲ್ಲಿ ಕೂತು ಕೇಳಿ ತಲೆದೂಗಿದವರ ರುಚಿ ಬರಲಿಲ್ಲ.

ಬೆಂಗಳೂರು ಆಕಾಶವಾಣಿ 1955ರ ನವೆಂಬರ್ 2ರಂದು ಆರಂಭವಾಯಿತು. ಅದಕ್ಕೆ ಒಂದು ವರ್ಷ ಮುಂಚೆ, 1954ರಲ್ಲಿ, ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಹುಟ್ಟಿತ್ತು. ಬಿಇಎಲ್ ಎಂದರೆ ರಕ್ಷಣಾ ಉಪಕರಣ ಎಂದೇ ನಮ್ಮ ಮನಸ್ಸಿನಲ್ಲಿದೆ. ಆದರೆ 1961ರಲ್ಲಿ ಅದು ರೇಡಿಯೊ ಸೆಟ್ಟುಗಳ ವಾಲ್ವ್‌ಗಳನ್ನು, 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನು, 1964ರಲ್ಲಿ ಆಕಾಶವಾಣಿಗೆ ಪ್ರಸಾರ ಯಂತ್ರಗಳನ್ನು ತಯಾರಿಸತೊಡಗಿತು. ಯಶವಂತಪುರದಾಚೆಯ ಈ ಕಾರ್ಖಾನೆಗೆ ಕನ್ನಡದ ಕೇಳ್ಮೆಯ ಚರಿತ್ರೆಯಲ್ಲಿ ಯಾರೂ ಇದುವರೆಗೆ ಸರಿಯಾದ ಸ್ಥಾನ ಕೊಟ್ಟಿಲ್ಲವೆಂಬುದು ನನ್ನ ಅಭಿಪ್ರಾಯ. ವಾಲ್ವ್ ಬಿಸಿಯಾಗಿ ದನಿ ಬರಲು ಕಾಯಬೇಕು, ಅದಕ್ಕೆ ಗೋಡೆಯ ವಿದ್ಯುತ್ತೂ ಬೇಕು. ಟ್ರಾನ್ಸಿಸ್ಟರ್‌ಗೆ ಬೇಕಾದ್ದು ಎರಡು ಮೂರು ಸೆಲ್ ಮಾತ್ರ. ಹಜಾರದ ಮರದ ಪೆಟ್ಟಿಗೆಯಿಂದ ಹೊರಬಿದ್ದ ಹಾಡು ಹೊಲದ ಬದುವಿಗೆ, ಸೈಕಲ್ಲಿನ ಹ್ಯಾಂಡಲಿಗೆ ಬಂದದ್ದು ಹಾಗೆ.

ಆ ಕಾಲದ ಹಾಡುಗಳಲ್ಲಿ ದನಿ ಯಾಕೆ ಅಷ್ಟು ಮುಂದಿದೆ, ವಾದ್ಯ ಯಾಕೆ ಹಿಂದಿದೆ? ಒಂದು ಕಾರಣ ಧ್ವನಿಮುದ್ರಣದ್ದು. ಮದ್ರಾಸಿನ ಸ್ಟುಡಿಯೊಗಳಲ್ಲಿ ಗಾಯಕರೂ ವಾದ್ಯಗಾರರೂ ಒಟ್ಟಿಗೆ ನಿಂತು ಕೆಲವೇ ಮೈಕುಗಳ ಮುಂದೆ ಒಂದೇ ಉಸಿರಿಗೆ ಮುಗಿಸಬೇಕಿತ್ತು. ಇನ್ನೊಂದು ಕಾರಣ ಪ್ರಸಾರದ್ದು. ಬೆಂಗಳೂರಿನ ಮಧ್ಯಮ ತರಂಗ 612 ಕಿಲೋಹರ್ಟ್ಸ್‌ನಲ್ಲಿ ಬರುತ್ತಿತ್ತು. ಈ ಬಗೆಯ ರೇಡಿಯೊ ಸೆಟ್ಟು ಸುಮಾರು 5 ಕಿಲೋಹರ್ಟ್ಸ್‌ಗಿಂತ ಮೇಲಿನ ನಾದವನ್ನು ಹೆಚ್ಚುಕಡಿಮೆ ಕೊಂದೇ ಬಿಡುತ್ತದೆ, ನಮ್ಮ ಕಿವಿ ಕೇಳಬಲ್ಲದ್ದು 20 ಕಿಲೋಹರ್ಟ್ಸ್‌ವರೆಗೆ. ತಾಳದ ಕಿಣಿಕಿಣಿ, ಗೆಜ್ಜೆಯ ಮಿನುಗು ಮಸುಕಾಗುತ್ತವೆ, ಸಣ್ಣ ಸ್ಪೀಕರಿನಲ್ಲಿ ಬಾಸ್ ಏಳುವುದಿಲ್ಲ. ಮನುಷ್ಯರ ಕಂಠ ಮಾತ್ರ ಈ ಕಿರಿದಾದ ಕಿಂಡಿಯಲ್ಲಿ ಬಹುಪಾಲು ಪೂರ್ತಿಯಾಗಿ ದಾಟಿ ಬರುತ್ತದೆ. ಪಿ.ಬಿ. ಶ್ರೀನಿವಾಸ್ ಅವರ ಮೆತ್ತನೆಯ ಮಧ್ಯಸ್ಥಾಯಿ, ಎಸ್. ಜಾನಕಿಯವರ ತೀಕ್ಷ್ಣ ಸ್ಪಷ್ಟತೆ, ‘ಸಂಪತ್ತಿಗೆ ಸವಾಲ್’ (1974) ನಂತರ ಮೊಳಗಿದ ರಾಜ್‌ಕುಮಾರ್ ಅವರ ಎದೆದನಿ, ಇವು ಆ ಯಂತ್ರಕ್ಕೆ ಹೇಳಿ ಮಾಡಿಸಿದಂತಿದ್ದವು. ಪ್ರತಿಭೆ ಅವರದ್ದೇ, ಸಂಶಯವಿಲ್ಲ. ಆದರೆ ಆ ಪ್ರತಿಭೆಯ ಯಾವ ಅಂಶ ನಮ್ಮನ್ನು ತಲುಪಬೇಕೆಂದು ತೀರ್ಮಾನಿಸುವುದರಲ್ಲಿ ಭೌತವಿಜ್ಞಾನಕ್ಕೂ ಪಾಲಿತ್ತು.

ಯಲಹಂಕದ ಬಳಿ ಮುಂದೆ ಆಕಾಶವಾಣಿಯ 500 ಕಿಲೋವಾಟ್‌ನ ಕಿರುತರಂಗ ಪ್ರಸಾರ ಕೇಂದ್ರ ತಲೆಯೆತ್ತಿತು. 9870 ಕಿಲೋಹರ್ಟ್ಸ್‌ನಲ್ಲಿ ವಿವಿಧ ಭಾರತಿಯ ಹಾಡುಗಳು ಅಲ್ಲಿಂದ ಹೊರಡುತ್ತಿದ್ದವು. ಸುಮಾರು 30 ಮೀಟರ್ ಉದ್ದದ ಆ ಅಲೆಗಳು ನೆಲದಗುಂಟ ಹರಿಯುವುದಕ್ಕಿಂತ ಮೇಲೇರಿ, ಅಯಾನುಗೋಳಕ್ಕೆ ತಾಗಿ, ನೂರಾರು ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಆ ಪದರ ಸದಾ ಬದಲಾಗುತ್ತಿರುವುದರಿಂದ ಹಾಡೂ ಅಲೆಅಲೆಯಾಗಿ ಕ್ಷೀಣಿಸಿ ಮತ್ತೆ ತುಂಬಿಕೊಳ್ಳುತ್ತದೆ. ಯಲಹಂಕದ ಪ್ರಸಾರವನ್ನು ಬಹು ದೂರದಲ್ಲಿ ಕೇಳಿದವರನ್ನು ಎಣಿಸುವ ದಾರಿಯೇ ಇರಲಿಲ್ಲ.

ಕ್ಯಾಸೆಟ್ ಬಂದಾಗ ಬದಲಾದದ್ದು ಬೆಲೆ, ಅದರ ಜತೆ ಅಧಿಕಾರ. ಟೇಪಿನ ಅಗಲ ನಾಲ್ಕು ಮಿಲಿಮೀಟರಿಗೂ ಕಡಿಮೆ. ಅದರ ಮೇಲೆ ನಾಲ್ಕು ಪಟ್ಟೆಗಳು, ಎ ಬದಿಗೆ ಎರಡು, ಬಿ ಬದಿಗೆ ಎರಡು. ಒಂದೊಂದೂ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಹೆಡ್ಡನ್ನು ಸವರಿಕೊಂಡು ಹೋಗುವ ಈ ಪಟ್ಟೆಯಲ್ಲಿ ಕಾಂತಕಣಗಳು ಕಡಿಮೆ, ಹಾಗಾಗಿ ಹಿಸ್ಸೆನ್ನುವ ಸದ್ದು ಹೆಚ್ಚು. ಮೆಲುದನಿಯ ಭಾಗ ಅದರಲ್ಲಿ ಮುಳುಗುತ್ತಿತ್ತು. ಗುಣದಲ್ಲಿ ಕಡಿಮೆಯಾದರೂ ಅದನ್ನು ಯಾರು ಬೇಕಾದರೂ ಮುದ್ರಿಸಬಹುದಿತ್ತು. ಒಂದೆರಡು ದೊಡ್ಡ ಕಂಪನಿಗಳ ಹಿಡಿತ ಸಡಿಲವಾಯಿತು. 1978ರಲ್ಲಿ ಮೈಸೂರು ಅನಂತಸ್ವಾಮಿ ಸಂಯೋಜಿಸಿದ ‘ನಿತ್ಯೋತ್ಸವ’ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳನ್ನು ಮನೆಮನೆಗೆ ಒಯ್ದಿತು. ಬಳಿಕ ಸಿ. ಅಶ್ವತ್ಥ್ ದನಿಯಲ್ಲಿ ಶರೀಫಜ್ಜ, ಮಾಸ್ಟರ್ ಹಿರಣ್ಣಯ್ಯನವರ ನಾಟಕ, ಯಕ್ಷಗಾನ, ದಾಸರ ಪದ, ಜನಪದ ಬಂದವು. ಸಿನಿಮಾದ ಹಂಗಿಲ್ಲದೆ ಜನಪ್ರಿಯವಾಗುವ ದಾರಿ ಕನ್ನಡಕ್ಕೆ ದೊಡ್ಡದಾಗಿ ತೆರೆದುಕೊಂಡದ್ದು ಆಗ. ನನ್ನ ಲೆಕ್ಕದಲ್ಲಿ ಕನ್ನಡ ಕೇಳುಗರ ಅತ್ಯಂತ ಸ್ವತಂತ್ರ ಕಾಲ ಅದೇ.

ಸಿನಿಮಾ ಹಾಡೂ ಹಿಂದೆ ಬೀಳಲಿಲ್ಲ. 1987ರ ‘ಪ್ರೇಮಲೋಕ’ದ ಕ್ಯಾಸೆಟ್ಟುಗಳನ್ನು ಲಹರಿ ಸಂಸ್ಥೆ ಲಕ್ಷಗಟ್ಟಲೆ ಮಾರಿತು. ರವಿಚಂದ್ರನ್, ಹಂಸಲೇಖರ ಆ ಚಿತ್ರದಲ್ಲಿ ಹಾಡು ಸಿನಿಮಾಕ್ಕಿಂತ ಮೊದಲೇ ಮನೆ ಹೊಕ್ಕಿತ್ತು. ಆದರೆ ಕಂಪನಿಯ ಲೆಕ್ಕಕ್ಕೆ ಸಿಕ್ಕಿದ್ದು ಅಸಲಿ ಕ್ಯಾಸೆಟ್ಟು ಮಾತ್ರ. ನಕಲಿಗಳಿಗೆ ಲೆಕ್ಕವಿರಲಿಲ್ಲ. ಖಾಲಿ ಕ್ಯಾಸೆಟ್ ಮತ್ತು ಒಂದು ಚೀಟಿ ಕೊಟ್ಟರೆ ಬೇಕಾದ ಹಾಡುಗಳನ್ನು ತುಂಬಿಸಿಕೊಡುವ ಅಂಗಡಿಗಳಿದ್ದವಲ್ಲ, ಆ ಚೀಟಿಗಳನ್ನು ಯಾರಾದರೂ ಕಾಪಿಟ್ಟಿದ್ದರೆ ಎಂಬತ್ತರ ದಶಕದ ಅದಕ್ಕಿಂತ ಪ್ರಾಮಾಣಿಕ ಪಟ್ಟಿ ಬೇರೊಂದು ಸಿಗುತ್ತಿರಲಿಲ್ಲ.

ಇದೇ ಹೊತ್ತಿನಲ್ಲಿ ಹಾಡಿನ ಒಡಲಲ್ಲೂ ದೊಡ್ಡ ಬದಲಾವಣೆ ನಡೆಯುತ್ತಿತ್ತು. ಮತ್ಥಿಯಾಸ್ ಮೌಖ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 1960ರಿಂದ 2010ರವರೆಗೆ ಬಂದ ಸುಮಾರು 17,000 ಹಾಡುಗಳ ಅರ್ಧ ನಿಮಿಷದ ತುಣುಕುಗಳನ್ನು ಅವರು ಕಂಪ್ಯೂಟರಿಗೆ ಕೇಳಿಸಿದರು. ಸ್ವರಮೇಳ ಮತ್ತು ನಾದದ ಬಣ್ಣ ಎರಡನ್ನೂ ಅಳೆದರು. ಮೂರು ವರ್ಷಗಳ ಸುತ್ತ ಕ್ರಾಂತಿಯಂಥ ತಿರುವು ಕಂಡಿತು: 1964, 1983, 1991. 1983ರದ್ದು ಸಿಂಥಸೈಜರ್, ಡ್ರಮ್ ಮಷಿನ್‌ಗಳ ಕಾಲ. ಯಮಹಾದ ಡಿಎಕ್ಸ್7 ಕೀಬೋರ್ಡು ಬಂದದ್ದೂ, ವಿದ್ಯುನ್ಮಾನ ವಾದ್ಯಗಳು ಪರಸ್ಪರ ಮಾತಾಡಿಕೊಳ್ಳುವ ಮಿಡಿ ಭಾಷೆ ಹುಟ್ಟಿದ್ದೂ ಅದೇ ವರ್ಷ. ಅಮೆರಿಕದ ಪಟ್ಟಿಯಲ್ಲಿ ವೈವಿಧ್ಯ ಅತ್ಯಂತ ಕುಸಿದದ್ದು 1986ರಲ್ಲಿ.

ಆ ಸಿಂಥಸೈಜರ್ ನಮ್ಮ ಹಾಡಿಗೂ ಬಂತು. ಕನ್ನಡ ಹಾಡಿನ ಮಟ್ಟಿಗೆ ಇದರಿಂದಾದ ನಷ್ಟವೇನೆಂದು ಅರಿಯಲು ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಗಬೇಕು. ಅಲ್ಲಿದ್ದಾಗ, 1934ರಲ್ಲಿ, ಸಿ.ವಿ. ರಾಮನ್ ಭಾರತದ ಚರ್ಮವಾದ್ಯಗಳ ಮೇಲೆ ಒಂದು ಪ್ರಬಂಧ ಪ್ರಕಟಿಸಿದರು. ಸಾಧಾರಣ ಡೋಲಿನ ಚರ್ಮ ಹೊರಡಿಸುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ, ಹಾಗಾಗಿ ಅದರದು ಬರೀ ಸದ್ದು. ಮೃದಂಗ, ತಬಲಗಳ ನಡುವೆ ಹಚ್ಚುವ ಕರಣೆಯ ಭಾರದಿಂದ ಉಪಸ್ವರಗಳು ಸರಳ ಗುಣಾಕಾರದಲ್ಲಿ ಬಂದು ಕೂರುತ್ತವೆ, ಹಾಗಾಗಿ ಆ ವಾದ್ಯ ಶ್ರುತಿಗೆ ಸೇರುತ್ತದೆ. ಹಳೆಯ ಹಾಡುಗಳಲ್ಲಿ ತಬಲ ಲಯ ಹಿಡಿಯುವುದರ ಜತೆಗೆ ಗಾಯಕನ ಷಡ್ಜವನ್ನೂ ಎತ್ತಿ ಹಿಡಿಯುತ್ತದೆ. ಪ್ರೋಗ್ರಾಂ ಮಾಡಿದ ಬೀಟಿನಲ್ಲಿ ಸಾಮಾನ್ಯವಾಗಿ ಉಳಿದದ್ದು ಲಯ. ಕುಣಿತಕ್ಕೆ ಅದು ಸಾಕು, ಆದರೆ ಮಾಧುರ್ಯಕ್ಕೆ ಒಂದು ಆಧಾರ ಕಳಚಿತು.

ಇನ್ನು 1991. ಮೌಖ್ ಅಧ್ಯಯನದ ಪ್ರಕಾರ ಅದು ರ‍್ಯಾಪ್ ಮತ್ತು ಹಿಪ್‌ಹಾಪ್ ಪಟ್ಟಿಯನ್ನು ಹೊಕ್ಕ ಕ್ರಾಂತಿ, ಮೂರರಲ್ಲೂ ದೊಡ್ಡದು. ಆದರೆ ಆ ವರ್ಷ ಇನ್ನೊಂದು ಘಟನೆಯೂ ನಡೆಯಿತು. ಅದುವರೆಗೆ ಬಿಲ್‌ಬೋರ್ಡ್ ಅಂಗಡಿಯವರನ್ನು ವಿಚಾರಿಸಿ, ಅವರು ಹೇಳಿದ ಅಂದಾಜನ್ನು ನಂಬಿ ಪಟ್ಟಿ ಮಾಡುತ್ತಿತ್ತು. 1991ರಲ್ಲಿ ಸೌಂಡ್‌ಸ್ಕ್ಯಾನ್ ಬಂತು, ಬಿಲ್ ಹಾಕುವಾಗ ಬಾರ್‌ಕೋಡ್ ಓದುವ ಯಂತ್ರವೇ ಎಣಿಸತೊಡಗಿತು. ಕೆಲವೇ ವಾರಗಳಲ್ಲಿ ಎನ್‌ಡಬ್ಲ್ಯುಎ ಎಂಬ ರ‍್ಯಾಪ್ ತಂಡದ ಆಲ್ಬಂ ಮೊದಲ ಸ್ಥಾನಕ್ಕೇರಿತು. ಕಂಟ್ರಿ ಸಂಗೀತವೂ ದಿಢೀರನೆ ಮೇಲೆ ಬಂತು. ಅವನ್ನು ಕೊಳ್ಳುವವರು ಮೊದಲೂ ಇದ್ದರು, ಅಂಗಡಿಯವನ ಅಂದಾಜಿನಲ್ಲಿ ಮಾತ್ರ ಇರಲಿಲ್ಲ. ಹಾಡೇ ಬದಲಾಯಿತೋ, ಎಣಿಸುವ ಕೈ ಬದಲಾಯಿತೋ? ಎರಡೂ ನಿಜ, ಮತ್ತು ಪಟ್ಟಿಯನ್ನಷ್ಟೇ ನೋಡಿ ಅವನ್ನು ಬೇರ್ಪಡಿಸಲಾಗದು.

ಇದನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣ ಬೆಂಗಳೂರಿನಲ್ಲಿ ನಡೆದದ್ದು. 2001ರ ಜುಲೈ 3ರಂದು ದೇಶದ ಮೊದಲ ಖಾಸಗಿ ಎಫ್ಎಂ ಕೇಂದ್ರ ರೇಡಿಯೊ ಸಿಟಿ ಇಲ್ಲಿ ಶುರುವಾಯಿತು. ಎಫ್ಎಂ ತಾಂತ್ರಿಕವಾಗಿ ಹೊಸ ಲೋಕ: 15 ಕಿಲೋಹರ್ಟ್ಸ್‌ವರೆಗಿನ ನಾದ, ಸ್ಟೀರಿಯೊ, ಗೊರಗೊರ ಇಲ್ಲ. ಆದರೆ ಮೊದಲ ವರ್ಷಗಳಲ್ಲಿ ಆ ತರಂಗದಲ್ಲಿ ಹೆಚ್ಚು ಕೇಳಿದ್ದು ಹಿಂದಿ, ಇಂಗ್ಲಿಷ್. ಬೆಂಗಳೂರಿನ ಯುವಕರಿಗೆ ಕನ್ನಡ ಹಾಡು ಬೇಡ ಎಂಬ ಮಾತು ಸತ್ಯವೆಂಬಂತೆ ಓಡಾಡಿತು. 2005ರ ಹೊಸ ನೀತಿ ನಿಗದಿತ ಶುಲ್ಕದ ಬದಲು ಆದಾಯದ ಪಾಲು ಕೇಳಿತು, ಕೇಂದ್ರಗಳು ಹೆಚ್ಚಿದವು, 2006ರಿಂದ ಒಂದಾದ ಮೇಲೊಂದು ಕನ್ನಡಕ್ಕೆ ತಿರುಗಿದವು. 2007ರಲ್ಲಿ ಕೇಳುಗರಿಂದ ಡೈರಿ ಬರೆಸಿ ಅಳೆಯುವ ಸಮೀಕ್ಷೆ ಬೆಂಗಳೂರಿಗೂ ಬಂತು. 2006ರ ಡಿಸೆಂಬರ್ ಕೊನೆಗೆ ‘ಮುಂಗಾರು ಮಳೆ’ ತೆರೆಕಂಡಾಗ ಮನೋಮೂರ್ತಿಯವರ ರಾಗ, ಜಯಂತ ಕಾಯ್ಕಿಣಿಯವರ ಸಾಹಿತ್ಯ, ಸೋನು ನಿಗಮ್ ಕಂಠ ಹರಿಯಲು ಈ ಕಾಲುವೆ ಸಿದ್ಧವಿತ್ತು. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಿಂತ ಆಟೊ, ಕಾರು, ಕ್ಯಾಬುಗಳಿಂದ ಒಂದೇ ಹಾಡು ಕೇಳಿಬರುತ್ತಿದ್ದ ದಿನಗಳು ಅವು. 2001ರ ಕಿವಿಗಳೇ 2007ರಲ್ಲೂ ಇದ್ದವು. ಐದಾರು ವರ್ಷದಲ್ಲಿ ಊರಿನ ರುಚಿ ತಲೆಕೆಳಗಾಗುವುದಿಲ್ಲ. ಕನ್ನಡದ ಕೇಳುಗರನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಅಷ್ಟೇ.

ರಸ್ತೆಯಲ್ಲಿ ಕೇಳುವ ಹಾಡು ಎಂಜಿನ್ನು, ಹಾರನ್ನುಗಳ ಮೇಲೆ ನಿಲ್ಲಬೇಕು. ಮೆತ್ತನೆಯ ಭಾಗವನ್ನು ಏರಿಸಿ, ಜೋರಿನದ್ದನ್ನು ಅದುಮಿ, ಇಡೀ ಹಾಡನ್ನು ಒಂದೇ ಎತ್ತರಕ್ಕೆ ತರುವ ಕಂಪ್ರೆಷನ್ ಎಲ್ಲೆಡೆ ಬಂತು. ಜೋನ್ ಸೆರ್ರಾ ತಂಡ 1955ರಿಂದ 2010ರವರೆಗಿನ 4,64,411 ಧ್ವನಿಮುದ್ರಣಗಳನ್ನು ಪರಿಶೀಲಿಸಿ 2012ರಲ್ಲಿ ವರದಿ ಮಾಡಿದ್ದೂ ಇದನ್ನೇ: ಅಬ್ಬರ ಏರುತ್ತಿದೆ, ನಾದದ ಬಣ್ಣಗಳ ವೈವಿಧ್ಯ ಇಳಿಯುತ್ತಿದೆ, ಸ್ವರದಿಂದ ಸ್ವರಕ್ಕೆ ಹೋಗುವ ದಾರಿಗಳೂ ಕಡಿಮೆಯಾಗುತ್ತಿವೆ. ಮೌಖ್ ತಂಡಕ್ಕೆ ಅಂಥ ನಿರಂತರ ಇಳಿಕೆ ಕಾಣಲಿಲ್ಲ. ಎರಡೂ ಪಾಶ್ಚಾತ್ಯ ಸಂಗೀತದ ಅಧ್ಯಯನಗಳು ಎಂಬುದನ್ನು ಮರೆಯಬಾರದು. ಸಪ್ತಕವನ್ನು ಹನ್ನೆರಡು ಮನೆಗಳಾಗಿ ಕೊಯ್ದು ಎಣಿಸುವ ವಿಧಾನಕ್ಕೆ ಗಮಕ ಕಾಣಿಸುವುದಿಲ್ಲ. ಎರಡು ಸ್ವರಗಳ ನಡುವೆ ಜಾನಕಿಯವರು ಎಳೆದ ಒಂದು ಜಾರು ಆ ಲೆಕ್ಕದಲ್ಲಿ ಹತ್ತಿರದ ಮನೆಗೆ ಬಿದ್ದು ಕಾಣೆಯಾಗುತ್ತದೆ. ಪಾಶ್ಚಾತ್ಯ ಅಳತೆಗೋಲಿನಲ್ಲಿ ‘ಹಾಡುಗಳೆಲ್ಲ ಒಂದೇ ಥರ’ ಎಂದು ನಮ್ಮ ಹಾಡಿಗೂ ತೀರ್ಪು ಕೊಡುವುದು ಸರಿಯಲ್ಲ.

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಪ್ರತಿ ಕೇಳುವಿಕೆಯೂ ಎಣಿಕೆಗೆ ಸಿಕ್ಕಿತು. ಸ್ಪಾಟಿಫೈನಲ್ಲಿ 30 ಸೆಕೆಂಡು ಕೇಳಿದರೆ ಅದು ಒಂದು ಲೆಕ್ಕ. 29ನೆಯ ಸೆಕೆಂಡಿಗೆ ಮುಂದಕ್ಕೆ ಸರಿಸಿದರೆ ಸೊನ್ನೆ. ಅಮೆರಿಕದ ಟಾಪ್ ಟೆನ್ ಹಾಡುಗಳನ್ನು ಪರಿಶೀಲಿಸಿದ ಒಹಾಯೊದ ಸಂಶೋಧಕರೊಬ್ಬರು ದನಿ ಶುರುವಾಗುವ ಮುಂಚಿನ ವಾದ್ಯಭಾಗ 1980ರ ದಶಕದ ನಡುವೆ 20 ಸೆಕೆಂಡಿಗೂ ಹೆಚ್ಚಿದ್ದದ್ದು 2015ರ ಹೊತ್ತಿಗೆ ಸುಮಾರು 5 ಸೆಕೆಂಡಿಗೆ ಇಳಿದಿದೆ ಎಂದು ತೋರಿಸಿದ್ದಾರೆ. ರಾಜನ್-ನಾಗೇಂದ್ರರ ಹಾಡುಗಳಲ್ಲಿ ಪಿಟೀಲುಗಳ ಗುಂಪು, ಕೊಳಲು ಬಂದು ಹೋದ ಮೇಲೆ ನಿಧಾನವಾಗಿ ಬಾಯಿ ತೆರೆಯುವ ಪಲ್ಲವಿಯ ಸುಖ ಬಲ್ಲವರಿಗೆ ಇದು ಸಣ್ಣ ನಷ್ಟವಲ್ಲ.

ಎಣಿಕೆ ಇಷ್ಟು ನಿಖರವಾದರೂ ಹಿಟ್ ಆಗುವುದನ್ನು ಮುಂಚಿತವಾಗಿ ಹೇಳಲು ಆಗುತ್ತಿಲ್ಲ. ಯಾಕೆಂಬುದಕ್ಕೆ 2006ರಲ್ಲಿ ಸಾಲ್ಗಾನಿಕ್, ಡಾಡ್ಸ್, ವಾಟ್ಸ್ ನಡೆಸಿದ ಪ್ರಯೋಗ ಸುಂದರ ಉತ್ತರ ಕೊಡುತ್ತದೆ. ಯಾರೂ ಕೇಳಿರದ 48 ಹಾಡುಗಳನ್ನು 14,000ಕ್ಕೂ ಹೆಚ್ಚು ಜನರ ಮುಂದಿಟ್ಟರು. ಒಂದು ಗುಂಪಿಗೆ ಹಾಡು ಮಾತ್ರ ಕಾಣುತ್ತಿತ್ತು. ಉಳಿದವರನ್ನು ಎಂಟು ಬೇರೆ ಬೇರೆ ‘ಲೋಕ’ಗಳಿಗೆ ಹಂಚಿ, ತಮ್ಮ ಲೋಕದಲ್ಲಿ ಯಾವ ಹಾಡನ್ನು ಎಷ್ಟು ಮಂದಿ ಇಳಿಸಿಕೊಂಡರೆಂದು ತೋರಿಸಿದರು. ಎಣಿಕೆ ಕಂಡ ಲೋಕಗಳಲ್ಲಿ ಗೆದ್ದ ಹಾಡು ಇನ್ನಷ್ಟು ಗೆದ್ದಿತು, ಸೋತದ್ದು ಇನ್ನಷ್ಟು ಸೋತಿತು. ಒಂದು ಲೋಕದ ಹಿಟ್ ಇನ್ನೊಂದರಲ್ಲಿ ಮೂಲೆಗೆ ಬಿತ್ತು. ತೀರಾ ಒಳ್ಳೆಯದು ಪೂರಾ ಸೋಲುವುದು, ತೀರಾ ಕೆಟ್ಟದ್ದು ಗೆಲ್ಲುವುದು ಅಪರೂಪ, ಆದರೆ ನಡುವಿನವಕ್ಕೆ ಏನು ಬೇಕಾದರೂ ಆಗಬಹುದಿತ್ತು. ಹಾಡಿನ ಕೆಳಗೆ ವೀಕ್ಷಣೆಯ ಸಂಖ್ಯೆ ಹೊಳೆಯುವ ಪ್ರತಿ ಫೋನೂ ಅಂಥದೊಂದು ಲೋಕ.

ಹಿರಿಯರು ‘ನಮ್ಮ ಕಾಲದ ಹಾಡೇ ಹಾಡು’ ಎನ್ನುವುದಕ್ಕೂ ಅಳತೆಯಿದೆ. ಹಾಲ್‌ಬ್ರೂಕ್ ಮತ್ತು ಶಿಂಡ್ಲರ್ 1989ರಲ್ಲಿ ಕಂಡಂತೆ, ಸುಮಾರು 23-24ರ ವಯಸ್ಸಿನಲ್ಲಿ ಜನಪ್ರಿಯವಾಗಿದ್ದ ಹಾಡಿನ ಮೇಲೆ ನಮಗೆ ಬದುಕಿಡೀ ಹೆಚ್ಚಿನ ಒಲವು. ಜತೆಗೆ ಕಾಲ ಎಂಬ ಜರಡಿಯಿದೆ. 1970ರ ದಶಕದ ಸಾಧಾರಣ ಹಾಡುಗಳು ಅದರಲ್ಲಿ ಉದುರಿಹೋಗಿವೆ, ನಿನ್ನೆಯವು ಇನ್ನೂ ಅದರ ಮೇಲೇ ಇವೆ.

ಹಾಗಾಗಿ ಈ ವಿಷಯ ಕೈಗೆತ್ತಿಕೊಳ್ಳುವ ವಿದ್ಯಾರ್ಥಿಗಳಿಗೆ ಒಂದು ಸಲಹೆ ಕೊಡುತ್ತೇನೆ. ಪ್ರತಿ ದಶಕದ ಹಿಟ್‌ಗಳನ್ನಷ್ಟೇ ಆರಿಸಬೇಡಿ. ಅದೇ ವರ್ಷ ತೆರೆಕಂಡು ಮರೆತುಹೋದ ಚಿತ್ರಗಳಿಂದ ಅಷ್ಟೇ ಹಾಡುಗಳನ್ನು ಚೀಟಿ ಎತ್ತಿ ಆರಿಸಿ. ಸ್ಟಾಪ್‌ವಾಚ್ ಹಿಡಿದು ಒಟ್ಟು ಅವಧಿ, ಮೊದಲ ಪದ ಬರುವ ಕ್ಷಣ, ನಿಮಿಷಕ್ಕೆ ತಾಳದ ಪೆಟ್ಟು, ಚರಣಗಳ ಸಂಖ್ಯೆ ಬರೆದುಕೊಳ್ಳಿ. ಕೇಳುತ್ತಿರುವುದು ತಟ್ಟೆಯ ಪ್ರತಿಯೋ, ಚಿತ್ರದ ಪ್ರತಿಯೋ ಎಂಬುದನ್ನು ತಪ್ಪದೆ ನಮೂದಿಸಿ. ಅವಧಿಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಅರ್ಧ ಅಲ್ಲಿಯೇ ಅಡಗಿರಬಹುದು.